ನಮ್ಮನೆಯವರ ಹಾರನ್

ಕುಂದಾಪುರದ ಡಾಕ್ಟರು ನಮ್ಮನೆಯವರ ಉಬ್ಬಸಕ್ಕೆ ಒಂದು ಗಾಜಿನ ಬುರುಡೆ ಕೊಟ್ಟರು. ಅದರ ಹಿಂದೆ ರಬ್ಬರ್ ಚೆಂಡು. ಚೆಂಡು ಒತ್ತಿದರೆ ಒಳಗಿನ ಮದ್ದು ಹನಿಹನಿಯಾಗಿ ಬಾಯಿಗೆ ಹಾರುತ್ತದೆ, ಅದನ್ನು ಉಸಿರಿನ ಜೊತೆ ಎಳೆದುಕೊಳ್ಳಬೇಕು. ಬೆಳಿಗ್ಗೆ, ಸಂಜೆ ತಪ್ಪಿಸಬಾರದು ಎಂದು ಹೇಳಿಯೇ ಕಳಿಸಿದ್ದರು. ನಮ್ಮೂರು ಕೋಡಿಗೆ ತಂದ ದಿನ ಯಾರೋ ನೋಡಿ ಬಸ್ಸಿನ ಹಾರನ್ ಅಂದರು. ಆ ಹೆಸರೇ ನಿಂತಿತು, ನನ್ನ ತಲೆಬೇನೆಯೂ ಅಲ್ಲಿಂದಲೇ ಶುರುವಾಯಿತು.

"ಹ್ವಾಯ್, ಮದ್ದ್ ತಕಣಿ" ಅಂದರೆ ಇವರು ನಗುವುದು.

"ದನ ಅಡ್ಡ ಬಂದ್ರೆ ಮಾತ್ರ ಹಾರನ್ ಒತ್ತೂದ್ ಮಾರಾಯ್ತಿ. ಈಗ ದಾರಿ ಖಾಲಿ ಇತ್ತ್."

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಬುರುಡೆ ಮಾಡಿನ ಹಂಚಿನ ಸಂದಿಯಲ್ಲಿ ಕೂತು ಧೂಳು ತಿಂದಿತು.

ಮಳೆಗಾಲ ಕಳೆದರೆ ಕಡಲಿಗೆ ರಂಪಣಿ ಇಳಿಯುತ್ತದೆ, ಊರವರೆಲ್ಲ ಸೇರಿ ದಡದಿಂದ ಎಳೆಯುವ ದೊಡ್ಡ ಬಲೆ. ದಡದಲ್ಲಿ ನಿಂತು "ಏಲಾ" ಎಂದು ಕೂಗು ಕೊಡುವವರು ನಮ್ಮನೆಯವರು. ಉಳಿದವರೆಲ್ಲ "ಐಸಾ" ಎಂದು ಒಟ್ಟಿಗೆ ಹಗ್ಗ ಎಳೆಯುವುದು. ಆ ವರ್ಷ ತಂಡದವರು ಇವರ ಬಗ್ಗೆ, ಮುತ್ತಣ್ಣನಿಗೆ ಉಸಿರಿಲ್ಲ, ಈ ಸಲ ನಮ್ಮ ತಂಡದ ಮಂಜ ಕೂಗಲಿ ಎಂದು ಮಾತಾಡಿಕೊಂಡರು. ಅದು ಕಿವಿಗೆ ಬಿದ್ದ ದಿನ ಇವರು ಊಟ ಮಾಡಲಿಲ್ಲ. ಕೂಗು ಹೋದರೆ ಈ ಮನುಷ್ಯ ಬದುಕಿದ್ದೂ ಇಲ್ಲದ ಹಾಗೆಯೇ.

ಮರುದಿನ ತಾವಾಗಿಯೇ ಹಾರನ್ ಇಳಿಸಿದರು. ಎದೆ ತುಂಬ ಉಸಿರೆಳೆದು, ಆಮೇಲೆ ಒತ್ತಿದರು. ಮದ್ದೆಲ್ಲ ಮೀಸೆಗೆ!

"ಕಂಡ್ಯಾ? ಪ್ರಯೋಜನ ಇಲ್ಲದ್ದ್."

"ಎಲ್ಲರೂ ಎಳ್ದ್ ಮುಗ್ದ್ಮೇಲೆ ಐಸಾ ಅಂದ್ರೆ ಬಲೆ ಬತ್ತಾ?" ನನಗೆ ಸಿಟ್ಟು ನೆತ್ತಿಗೇರಿತು. "ಒತ್ತೂದೂ ಎಳೂದೂ ಒಟ್ಟಿಗೇ ಆಯ್ಕ್. ನಾ ಏಲಾ ಕೂಗ್ತೆ, ನೀವ್ ಐಸಾಕ್ಕೆ ಒತ್ತಿ."

"ಹೆಂಗ್ಸ್ ಕೂಗು ಕೊಡೂದಾ? ಯಾರಾರೂ ಕೇಂಡ್ರೆ?"

"ಕೇಂಡ್ರೆ ಕೇಣ್ಲಿ!"

ಆದರೂ ಬಾಗಿಲು ಹಾಕಿದರು. ಬೆಳಿಗ್ಗೆ, ಸಂಜೆ ನಾನು ಮೆಲ್ಲಗೆ ಕೂಗುವುದು, ಇವರು ಎಳೆಯುವುದು. ಒಲೆಯ ಮುಂದೆ ಇಬ್ಬರೇ ರಂಪಣಿ ಎಳೆದ ಹಾಗೆ. ದಿನ ಕಳೆದಂತೆ ರಾತ್ರಿಯ ಗೊರಗೊರ ಕಡಿಮೆಯಾಯಿತು. ಬಾವಿಯಿಂದ ನೀರು ತಂದರೂ ಕೂರದೆ ಮಾತಾಡಿದರು. ನಾನು ದೇವರಿಗೆ ಕೈಮುಗಿದೆ, ಇವರಿಗೆ ಕಾಣದ ಹಾಗೆ.

ಬಲೆ ಇಳಿದ ದಿನ ಇವರು ಬೆಳಿಗ್ಗೆ ಗಡಿಬಿಡಿಯಲ್ಲಿ ಹಾರನ್ ಒತ್ತದೆ ಓಡಿದರು. ನಾನು ಅದನ್ನು ಮೀನಿನ ಬುಟ್ಟಿಗೆ ಹಾಕಿಕೊಂಡು ಹಿಂದೆಯೇ ಹೋದೆ. ಉಸಿರು ಸುಧಾರಿಸಿದ್ದು ಕಂಡು ತಂಡದವರು ಕೂಗು ಇವರಿಗೇ ಬಿಟ್ಟಿದ್ದರು. ದಡದಲ್ಲಿ ಇವರ ಕೂಗು ಚೆನ್ನಾಗಿಯೇ ಎದ್ದಿತು. ಬಲೆ ಅರ್ಧ ಬಂದಾಗ ಸ್ವರ ಒಡೆಯಿತು. ಹಗ್ಗ ನಿಂತಿತು. ಇವರ ಬದಲು ಕೂಗಲು ಮಂಜ ಬಾಯಿ ತೆರೆದ.

ನಾನು ಓಡಿ ಹೋಗಿ ಹಾರನ್ ಇವರ ಕೈಗಿಟ್ಟೆ. ಇವರು ಸುತ್ತ ನೋಡಿದರು. ಇಡೀ ಕೋಡಿ ನೋಡುತ್ತಿತ್ತು. ಆಮೇಲೆ ನನ್ನ ಮುಖ ನೋಡಿದರು.

"ಏ...ಲಾ!" ಎಂದೆ. ಮೆಲ್ಲಗೆ ಹೇಳಲು ಹೋದದ್ದು, ಮೀನು ಮಾರುವ ಸ್ವರವೇ ಬಂತು.

"ಐಸಾ!" ಎಂದು ದಡದ ಗಂಡಸರೆಲ್ಲ ಹಗ್ಗ ಎಳೆದರು. ಇವರು ಚೆಂಡು ಒತ್ತಿದರು. ಇನ್ನೊಮ್ಮೆ ಕೂಗಿದೆ, ಮತ್ತೊಮ್ಮೆ ಕೂಗಿದೆ. ಬಲೆ ಬರುತ್ತಲೇ ಇತ್ತು.

ಸ್ವಲ್ಪ ಹೊತ್ತಿಗೆ ಇವರ ಎದೆ ಸಡಿಲವಾಯಿತು. ಹಾರನ್ ನನ್ನ ಬುಟ್ಟಿಗೆ ಹಾಕಿ ಹಗ್ಗದ ಕಡೆ ತಿರುಗಿದರು.

"ಸಾಕ್, ಇನ್ನ್ ನಾ ಕೂಗ್ತೆ" ಎಂದರು. "ಸಂಜಿಗೆ ನೀ ಕೂಗ್ಕ್. ಬಾಗ್ಲ್ ಹಾಕೂದ್ ಬೇಡ."