ಒಣ ಟರ್ನಿಪ್ಪಿನ ಹಾರ

ಎಣ್ಣೆಯ ಸದ್ದು ಬದಲಾಯಿತು, ಹೌದು, ಇಷ್ಟು ಹೊತ್ತು ಚಿಟಪಟ ಅನ್ನುತ್ತಿದ್ದದ್ದು ಈಗ ಮೆಲ್ಲಗೆ ಗೊಣಗುತ್ತಿದೆ, ಅಂದರೆ ಹೋಳುಗಳ ನೀರು ಆರಿತು, ಇನ್ನು ಅಂಚು ಕೆಂಪಾಗಬೇಕು, ಅವಸರ ಬೇಡ ಮೊಖ್ತಾ, ಐವತ್ತೆರಡು ಚಳಿಗಾಲ ಕಾದಿದ್ದೀಯ, ಇನ್ನೊಂದು ಗಳಿಗೆ ಕಾಯಿ — ಸೂರಿನಿಂದ ಹಿಮ ಧೊಪ್ಪನೆ ಜಾರಿತು, ಬೆಳಿಗ್ಗೆ ಆ ಹಿಮವನ್ನೇ ಸರಿಸಿ ಹಿತ್ತಲ ಗುಂಡಿಯ ಹುಲ್ಲು ಎತ್ತಿ ಕೈಯಿಟ್ಟರೆ ಮಣ್ಣೊಳಗೆ ಬೆಚ್ಚಗಿತ್ತು, ಟರ್ನಿಪ್ ಗಡ್ಡೆಗಳು ಒತ್ತಿಕೊಂಡು ಮಲಗಿದ್ದವು, ಬಿಳಿ ಮೈ, ನೇರಳೆ ಹೆಗಲು, ಒಂದೂ ಕೊಳೆತಿರಲಿಲ್ಲ, ನೆತ್ತಿಯಲ್ಲಿ ಮರಿಹಕ್ಕಿಯ ಕೊಕ್ಕಿನಂಥ ಹಳದಿ ಚಿಗುರು, ಸೊಸೆ ತಸ್ಲೀಮಾ ಬಾಗಿಲಲ್ಲಿ ನಿಂತು ನಕ್ಕಳು, ಅಮ್ಮೀ, ಫ್ರಿಜ್ಜಲ್ಲಿ ಕೋಳಿ ಇದೆ, ನೀವು ನೋಡಿದ್ರೆ ಮಣ್ಣು ಕೆದರ್ತಾ ಕೂತಿದ್ದೀರಲ್ಲ, ಕೋಳಿ ನಿನ್ನೆಯೇ ಮಾಡಿದ್ದಾಯಿತು ಮಗಳೇ, ತಾಜಕ್ಕ ನೋಡಿದ ಕೂಡಲೇ ಮುಖ ಗೋಡೆಗೆ ತಿರುಗಿಸಿದಳು. ತಾಜಕ್ಕ, ನನ್ನ ಗಂಡನ ಅಕ್ಕ, ಎಂಬತ್ತು ದಾಟಿದವಳು, ಜ್ವರ ಬಿಟ್ಟು ಐದು ದಿನವಾದರೂ ಅನ್ನ ಮುಟ್ಟಿಲ್ಲ, ಕೆಂಡ ತುಂಬಿದ ಕಾಂಗ್ಡಿ ಬುಟ್ಟಿಯನ್ನು ಹೊಟ್ಟೆಗೆ ಅವುಚಿಕೊಂಡು ಪಕ್ಕದ ಕೋಣೆಯಲ್ಲಿ ಮಲಗಿದ್ದಾಳೆ, ಈ ವಾರ ಏನೂ ತಿನ್ನದಿದ್ರೆ ಕಷ್ಟ ಅಂತ ಡಾಕ್ಟರು ತಸ್ಲೀಮಾಳಿಗೆ ಪಿಸುಗುಟ್ಟಿದ್ದು ನನಗೂ ಕೇಳಿಸಿತು. ಅವಳು ಬೇಡುವುದು ಒಂದೇ, ಅಮ್ಮ ಮಾಡ್ತಿದ್ಲಲ್ಲ, ಆ ಟರ್ನಿಪ್ಪು ಮಾಡೇ. ಮೊನ್ನೆ ಮಾಡಿದೆ, ಒಂದು ತುತ್ತು ಬಾಯಿಗಿಟ್ಟು ಬೆರಳು ಒರೆಸಿಕೊಂಡಳು, ಹಸಿ ವಾಸನೆ ಕಣೇ.

ಹಸಿ ವಾಸನೆ, ನಾನು ಹದಿನೆಂಟರ ಮದುಮಗಳಾಗಿ ಈ ಒಲೆಯ ಮೇಲಿಂದ ಮೊದಲ ಪಾತ್ರೆ ಇಳಿಸಿದ ದಿನವೂ ತಾಜಕ್ಕನದು ಇದೇ ಮಾತು, ದಾಲ್ ಸರೋವರದ ಹುಡುಗಿ ಅಲ್ವಾ, ನೀರಲ್ಲಿ ಮುಳುಗಿಸೋದೊಂದು ಗೊತ್ತು ಪಾಪ, ಎಲ್ಲರೂ ನಕ್ಕಿದ್ದರು, ತಾಜಕ್ಕನ ಅಮ್ಮ, ನನ್ನ ಅತ್ತೆ, ಮಾತ್ರ ನಗಲಿಲ್ಲ, ಸೌಟು ಕಿತ್ತುಕೊಳ್ಳಲೂ ಇಲ್ಲ, ಆದರೆ ಟರ್ನಿಪ್ ಮಾಡುವ ದಿನ ಒಲೆಯ ಮುಂದೆ ತಾನೇ ಕೂರುತ್ತಿದ್ದಳು, ಸಾಸಿವೆ ಎಣ್ಣೆ ಹೊಗೆಯಾಡಿ, ಹೋಳು ಕೆಂಪಾಗಿ, ಸೋಂಪಿನ ಪುಡಿ, ಒಣಶುಂಠಿ, ಮೆಣಸಿನ ಪುಡಿ, ಎಲ್ಲ ಕಣ್ಣಲ್ಲಿ ಕಲಿತೆ, ಎಲ್ಲ ಹಾಗೆಯೇ ಹಾಕಿದೆ, ಆದರೂ ಹಸಿ. ಆ ಚಳಿಗಾಲವೇ ಅಲ್ಲವೇ ಹಾರ ಮೊಟಕಾದದ್ದು, ಈ ಮೊಳೆಯೇ, ಈ ಗೋಡೆಯೇ, ಬೇಸಿಗೆಯ ಕೊನೆಯ ಬಿಸಿಲಲ್ಲಿ ಒಣಗಿಸಿ ಪೋಣಿಸಿದ ಟರ್ನಿಪ್ ಬಿಲ್ಲೆಗಳು, ಒಂದೊಂದೇ ಮಾಯವಾಗುತ್ತ ದಾರದ ತುದಿ ಖಾಲಿಯಾಗಿ ತೂಗುತ್ತಿತ್ತು, ತಾಜಕ್ಕ ತವರಿಗೆ ಬಂದವಳು ಅದನ್ನು ಬೆರಳಲ್ಲಿ ಆಡಿಸಿ ಕೇಳಿದಳು, ಹಾರ ಮೇಯ್ತಿರೋರು ಯಾರಪ್ಪ, ಕೊಟ್ಟಿಗೆ ಆಡಂತೂ ಮೆಟ್ಟಿಲು ಹತ್ತಲ್ಲ, ಹೊಸ ಆಡು ಬಂದಿರಬೇಕು! ಅತ್ತೆ ಪಾತ್ರೆಯಿಂದ ಮುಖ ಎತ್ತಲಿಲ್ಲ, ನಾನು ಬಾಯಿ ಬಿಡಲಿಲ್ಲ, ಅಂದಿನಿಂದ ನನ್ನ ಹೆಸರು ಆಡು, ಏ ಆಡೇ ನೀರು ಕೊಡು, ಏ ಆಡೇ ಮಗು ಅಳ್ತಿದೆ, ನನ್ನ ಗಂಡನ ಹೆಣ ಎತ್ತಿದ ದಿನವೂ, ಬಾರೇ ಆಡೇ, ನನ್ನ ಪಕ್ಕ ಕೂತ್ಕೋ — ತಸ್ಲೀಮಾ ಬಾಗಿಲು ತೆಗೆದಳು, ಗಾಳಿ ಬಂತು, ಗೋಡೆಯ ಮೇಲೆ ನಾನು ಪೋಣಿಸಿದ ಹಾರ ಸರಸರ ಎಂದಿತು. ಕೆಂಪಾಯಿತು, ಹೋಳು ಕೆಂಪಾಯಿತು, ಸರಿಯಾಗಿ ಈ ಹೊತ್ತಿಗೇ ಅತ್ತೆ ಹೇಳುತ್ತಿದ್ದಳು, ಮೊಖ್ತಾ, ಹೋಗಿ ನೀರು ತಾ, ಕೊಡ ತುಂಬಿಯೇ ಇರುತ್ತಿತ್ತಲ್ಲ, ತುಂಬಿದ ಕೊಡ ನೋಡಿಯೂ ನಾನು ಹಿಮದಲ್ಲಿ ಹೋಗುತ್ತಿದ್ದೆ, ತಿರುಗಿ ಬಂದರೆ ಮನೆಯೆಲ್ಲ ಬೇರೆ ಘಮ, ಬಡಿಸುವ ಮುಂಚೆ ಸೌಟಿನಲ್ಲಿ ಒಂದು ಕಪ್ಪು ಚೂರು ಎತ್ತಿ ತಾನೇ ಬಾಯಿಗೆ ಹಾಕಿಕೊಳ್ಳುತ್ತಿದ್ದಳು, ತಳ ಹಿಡಿದದ್ದು, ನಿಮಗ್ಯಾಕೆ, ಅನ್ನುತ್ತಿದ್ದಳು, ಎಂದೂ ತಳ ಹಿಡಿಸದ ಕೈ ಅದು, ಯಾ ಅಲ್ಲಾ, ಹಾರ ಮೇಯ್ದವಳು ಅತ್ತೆ!

ಹಾರದಿಂದ ಒಂದು ಬಿಲ್ಲೆ ಕಿತ್ತೆ, ಎಣ್ಣೆಗೆ ಬಿಟ್ಟೆ, ಉಬ್ಬಿತು, ಕಪ್ಪಾಯಿತು, ಹೋದ ವರ್ಷದ ಬಿಸಿಲು ಅಡುಗೆಮನೆಯಲ್ಲಿ ಎದ್ದು ನಿಂತಿತು, ನೀರು ಹೊಯ್ದೆ, ಮುಚ್ಚಿದೆ, ಕಾದೆ, ತಾಮ್ರದ ತಟ್ಟೆಯಲ್ಲಿ ಅನ್ನ, ಅನ್ನದ ಮೇಲೆ ಕೆಂಪು ರಸ, ತಾಜಕ್ಕ ಗೋಡೆಯಿಂದ ಮೊದಲು ಮೂಗು ತಿರುಗಿಸಿದಳು, ಆಮೇಲೆ ಮುಖ, ಎಬ್ಬಿಸಿ ಕೂರ್ಸೇ ನನ್ನ, ಒಂದು ತುತ್ತು, ಕಣ್ಣು ಮುಚ್ಚಿದಳು, ಎರಡು, ಮೂರು, ತಸ್ಲೀಮಾ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಾಳೆ, ತಳ ಹಿಡಿದ ಚೂರು ಎಲ್ಲೇ, ಅಮ್ಮ ತಿಂತಿದ್ಲಲ್ಲ ಅದು, ನಾನು ಕಪ್ಪು ಬಿಲ್ಲೆಯನ್ನು ಅವಳ ತಟ್ಟೆಗೆ ಹಾಕಿದೆ, ತಿರುಗಿಸಿ ನೋಡಿದಳು, ನಡುವೆ ದಾರದ ತೂತು, ಬೆರಳು ನಿಂತಿತು, ಇದು ಹಾರದ್ದು, ಹೌದು ತಾಜಕ್ಕ, ಹಂಗಾದ್ರೆ ಕದೀತಿದ್ದಿದ್ದು ನಮ್ಮಮ್ಮ, ಹೌದು ತಾಜಕ್ಕ, ಅವತ್ತು ನಾನಲ್ಲ ಅಂತ ಬಾಯಿ ಬಿಡೋಕೆ ಏನಾಗಿತ್ತೇ ನಿಂಗೆ? ಆಡು ಎಲ್ಲಾದ್ರೂ ಮಾತಾಡ್ತದಾ ತಾಜಕ್ಕ? ನಕ್ಕಳು, ಕೆಮ್ಮಿದಳು, ಕೆಮ್ಮುತ್ತಲೇ ನಕ್ಕಳು, ತಟ್ಟೆ ಬಳಿದಳು, ಬಳಿದ ತಟ್ಟೆ ಮುಂದೆ ನೂಕಿದಳು, ಇನ್ನೊಂದು ಸೌಟು ಹಾಕ್ಕೊಂಡು ಬಾ, ಮೊಖ್ತಾ. ಮೊಖ್ತಾ ಎಂದಳು, ನಾನು ತಟ್ಟೆ ಹಿಡಿದು ಒಲೆಯತ್ತ ನಡೆದೆ, ಓಡಿದೆನೋ ಏನೋ ಈ ಮೊಣಕಾಲಲ್ಲಿ, ಸೌಟು ಕೈಯಲ್ಲಿದೆ, ಬಡಿಸಬೇಕು, ಬಡಿಸುತ್ತೇನೆ, ಗೋಡೆಯ ಮೇಲೆ ಮೊಳೆ, ಮೊಳೆಯಲ್ಲಿ ಹಾರ, ಹಾರದ ಕೆಳಗೆ ಬೆರಳಗಲದ ದಾರ, ಖಾಲಿ, ತೂಗುತ್ತಿದೆ —