ಅಳೆಯದೆ ಬಿಟ್ಟ ಬದಿ

ಸರಸರ ಸದ್ದು, ಗಾಳಿಗೆ ಎಲೆಗೆ ಎಲೆ ಉಜ್ಜುತ್ತಿದೆ, ಗಡಿಯ ಸಾಲಿನ ಕೊನೆಯ ಎರಡು ಇಸಾಲೆ ಗಿಡ — ಇವು ಮೊದಲು ಒಂದನ್ನೊಂದು ಮುಟ್ಟುತ್ತಿರಲಿಲ್ಲವಲ್ಲ, ಹುಲ್ಲಿನ ಹೊರೆ ಹೊತ್ತು ಇವುಗಳ ನಡುವೆಯೇ ಅಪೈಕುಂಡ ನೆಟ್ಟಗೆ ನುಗ್ಗುತ್ತಿದ್ದಳು, ಈಗ ಹೊರೆಯಿರಲಿ, ಅವಳೇ ಓರೆಯಾಗಬೇಕು, ಮತ್ತೆ ಈ ಮೈದುನ ಅಮಿನಿಯೇಲ್ ಎದುರಿಗೆ ನಿಂತು ನಗುತ್ತಿದ್ದಾನೆ, ಕೈಯಲ್ಲಿ ಗಂಟು ಹಾಕಿದ ಒಂದು ಇಸಾಲೆ ಎಲೆ, ತಗೊಳ್ಳಿ ಅತ್ತಿಗೆ, ನಮ್ಮನಮ್ಮಲ್ಲಿ ಜಗಳ ಯಾಕೆ. ಜಗಳ ಆಡಿದ್ದು ಯಾರು? ಆಡದ ಜಗಳಕ್ಕೆ ಕ್ಷಮೆಯ ಎಲೆ ಯಾಕೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವರುಂಟು, ಇವನು ಯಾರೂ ಅನ್ನುವ ಮೊದಲೇ ಮುಟ್ಟಿಕೊಂಡಿದ್ದಾನೆ. ಕಿಲಿಮಂಜಾರೋದ ಈ ಇಳಿಜಾರಿನಲ್ಲಿ ಇಸಾಲೆ ಹಿಡಿದು ಬಂದವರನ್ನು ಕ್ಷಮಿಸದೆ ಕಳಿಸುವಂತಿಲ್ಲ, ತಗೊಂಡರೆ ಮುಗಿಯಿತು, ಆಮೇಲೆ ತುಟಿ ಬಿಚ್ಚುವಂತಿಲ್ಲ, ತಗೊಳ್ಳದಿದ್ದರೆ ಊರಿಗೆಲ್ಲ ಅವಳೇ ಕಲ್ಲೆದೆಯವಳು. ಮಳೆಗೆ ಗುಡ್ಡ ಜರಿದು ಇಸಾಲೆ ಸಾಲು ಕಾಲುವೆಗೆ ಕೂಡುವ ಮೂಲೆಯ ಬಾಳೆಯೆಲ್ಲ ನೆಲಸಮವಾದಾಗ, ಮುಚ್ಚಿಹೋದ ಕಾಲುವೆಯನ್ನು ಮತ್ತೆ ತೋಡಿಸಿದವನು ಇವನೇ, ತೋಡಿದವರಿಗೆ ಬಾಳೆಹಣ್ಣಿನ ಹೆಂಡ ಬಡಿಸಿದವಳು ಅವಳೇ, ಕುಡೀರಪ್ಪಾ ಎಂದು ಉಪಚಾರ ಬೇರೆ — ಅಯ್ಯೋ ಮಂಕೆ! ಇವತ್ತು ತೀರಿಹೋದ ಗಂಡನ ಅಳತೆಯ ಹಗ್ಗವನ್ನೇ ಹಿಡಿದು ಬಂದ, ತೋಟಕ್ಕೆ ಮೂರು ಬದಿ, ಬದಿಯ ಉದ್ದದ ಗುರುತಿಗೆ ಒಂದೊಂದು ಗಂಟು ಹಾಕಿಟ್ಟು ಹೋದ ಪುಣ್ಯಾತ್ಮ, ನೋಡಿ ಅತ್ತಿಗೆ, ದಾರಿ ಕಡೆ ಸರಿಯಾಗಿದೆಯಾ, ಕಾಲುವೆ ಕಡೆ ಸರಿಯಾಗಿದೆಯಾ, ಎರಡು ಸರಿ ಇದ್ಮೇಲೆ ಮೂರನೇದು ಎಲ್ಲಿಗ್ ಹೋಗುತ್ತೆ ಬಿಡಿ, ಎಂದು ಹಗ್ಗ ಸುತ್ತಿ ಅವಳ ಕೈಗಿಟ್ಟ, ಅವಳೂ ಹೌದೌದು ಅಂದಳು, ಅಳತೆ ಕಣ್ಣೆದುರಿಗೇ ಕೂತಿತ್ತಲ್ಲ. ನಿನ್ನೆ ಒಲೆಯ ಮುಂದೆ ಮಗಳು ಐಕಾಯೇಲಿ ಶಾಲೆಯ ಪಾಠವೆಂದು ಎರಡು ಕಡ್ಡಿಯ ಬುಡ ಸೇರಿಸಿ ಬೂದಿಯ ಮೇಲೆ ಇಟ್ಟಳು, ಅಮ್ಮಾ ನೋಡು, ಕಡ್ಡಿ ಉದ್ದ ಹಾಗೇ ಇದೆ, ಬಾಯಿ ತೆರೆದ್ರೆ ತುದಿಗಳು ದೂರ, ಮುಚ್ತಾ ಬಂದ್ರೆ ಹತ್ರ, ನಡುವಿನ ಜಾಗಾನೂ ಕಮ್ಮಿ, ಹೋಗೇ ಬೂದಿಲಿ ಆಡ್ಬೇಡ ಅಂದಿದ್ದಳು ಅಪೈಕುಂಡ — ಇವನೂ ಹಾಗೇ ತೋಟದ ಬಾಯಿ ಮುಚ್ಚಿದ್ದಾನೆ, ಕಾಲುವೆಯ ಉದ್ದ ಹಾಗೇ ಇಟ್ಟು ಇಡೀ ಕಾಲುವೆಯನ್ನೇ ಒಳಕ್ಕೆ ತಿರುಗಿಸಿದ್ದಾನೆ, ಕೊನೆಯ ಇಸಾಲೆಯನ್ನು ಕಿತ್ತು ಒಳಗೆ ನೆಟ್ಟಿದ್ದಾನೆ, ಆ ಮೂಲೆಯ ಬಾಳೆಯೇ ಅಲ್ಲವೇ ತಾಯಿ ಮಗಳ ಊಟ, ಆ ನೆಲ ಈಗ ಕಾಲುವೆಯ ಆಚೆ, ಇವನ ತೋಟದಲ್ಲಿ. ಹಗ್ಗ ಬಿಚ್ಚುತ್ತಾಳೆ, ಬಾರಪ್ಪಾ ಅಮಿನಿಯೇಲ್, ಈ ತುದಿ ಹಿಡ್ಕೋ, ಇಸಾಲೆ ಸಾಲನ್ನೂ ಅಳೆದುಬಿಡೋಣ. ಮೊದಲು ಇದನ್ನ ತಗೊಳ್ಳಿ ಅತ್ತಿಗೆ. ಮೊದಲು ಹಗ್ಗ ಹಿಡಿ. ಅವನ ನಗು ಹೋಗಿದೆ, ಬೇಲಿಯಾಚೆ ಯಾರೋ ನಿಂತು ನೋಡುತ್ತಿದ್ದಾರೆ, ಚಾಚಿದ ಕೈ ಮಾತ್ರ ಇಳಿಯುತ್ತಿಲ್ಲ, ಹಗ್ಗದ ಮೂರನೆಯ ಗಂಟು ಅವಳ ಬೆರಳಿಗೆ ಸಿಕ್ಕಿದೆ, ಅವನ ಕೈಯಲ್ಲಿ ಎಲೆ, ಹಸಿರು, ಆಗ ತಾನೇ ಕಿತ್ತದ್ದು, ಗಂಟು ಹಾಕಿದ ಆ ಎಲೆ —