ಹೆಸರು ತೊಳೆದುಕೊಡಿ

"ಕದಿಯೋಕೆ ಮುದುಕೀರೇ ಸಿಕ್ಕಿದ್ರಾ ನಿಂಗೆ?"

ಪಿಕರ್ಡ್ ಕಂಪ್ಯೂಟರಿನಿಂದ ಕಣ್ಣು ಕೀಳದೆ ಕೇಳಿದ. ಮನೆ ಬಾಡಿಗೆಗೆ ಕೊಡುವ ಆ ಕಚೇರಿಯಲ್ಲಿ ಕೂತಿದ್ದವರೆಲ್ಲ ವರ್ನೀಸ್ ಟಾಲಿವರ್ ಕಡೆ ತಿರುಗಿದರು. ಒಬ್ಬಾಕೆ ತನ್ನ ಕೈಚೀಲವನ್ನು ಮೆಲ್ಲಗೆ ತೊಡೆಯ ಮೇಲಕ್ಕೆ ಎಳೆದುಕೊಂಡಳು.

"ಏನಂದ್ರಿ?"

"ಓಹಾಯೋದಲ್ಲಿ ವೃದ್ಧಾಶ್ರಮದ ಮುದುಕೀರ ಉಂಗುರ ಕದ್ದು ಜೈಲಿಗೋಗಿದ್ದೆ ಅಂತ ಬಂದಿದೆ ಇಲ್ಲಿ. ಬಾಡಿಗೆ ಮನೆಯಿಂದ ಬೇರೆ ಓಡಿಸಿದಾರೆ. ಎದ್ದೇಳು, ಕುರ್ಚಿ ನಾತ ಹೊಡೀತದೆ."

"ನಾನು ಈ ಮಿಸಿಸಿಪಿ ಬಿಟ್ಟು ಆಚೆಗೇ ಕಾಲಿಟ್ಟೋಳಲ್ಲ ಸ್ವಾಮಿ. ಅದ್ಯಾರೋ ಬೇರೆ ಹೆಂಗಸು. ಹುಟ್ಟಿದ ದಿನ ನೋಡಿ ಒಂದ್ಸಲ."

"ಹೆಸರು ನಿಂದೇ ತಾನೆ? ನಂಗಷ್ಟು ಸಾಕು."

ಅವಳು ಎದ್ದಳು. ಕೋಳಿ ಕಾರ್ಖಾನೆಯಲ್ಲಿ ಕೊಕ್ಕೆಗೆ ನೇತುಬಿದ್ದು ಬರುವ ಕೋಳಿಗಳ ಹೊಟ್ಟೆಗೆ ಕೈಹಾಕಿ ಕರುಳು ಎಳೆಯುವುದು ಅವಳ ಕೆಲಸ. ಎಷ್ಟು ಉಜ್ಜಿದರೂ ಉಗುರಿನ ಸಂದಿಯ ಆ ವಾಸನೆ ಹೋಗುತ್ತಿರಲಿಲ್ಲ. ಆದರೆ ಆವತ್ತು ಅವಳಿಗೆ ಹೇಸಿಗೆಯಾದದ್ದು ತನ್ನ ಕೈಯ ವಾಸನೆಗಲ್ಲ.

ಪಿಕರ್ಡ್‌ಗೆ ಆ ಮಾಹಿತಿ ಕೊಟ್ಟದ್ದು, ದೇಶದ ಒಬ್ಬೊಬ್ಬರ ಸಾಲ ಸೋಲ, ಬಾಡಿಗೆ, ಕೋರ್ಟು ಕಚೇರಿ ಎಲ್ಲ ಕೂಡಿಟ್ಟುಕೊಂಡು ಕೇಳಿದವರಿಗೆ ಮಾರುವ ಒಂದು ಕಂಪನಿ. ವರ್ನೀಸ್ ಟಾಲಿವರ್ ಹೆಸರಿನ ಇಬ್ಬರು ಹೆಂಗಸರನ್ನು ಅದು ಒಬ್ಬಳನ್ನಾಗಿ ಮಾಡಿತ್ತು. ಸರಿಪಡಿಸಿ ಅಂತ ಕೇಳಲು ವರ್ನೀಸ್ ಊಟದ ಬಿಡುವಿನಲ್ಲಿ ಫೋನು ಹಚ್ಚಿದಳು. ನೀವು ನೀವೇ ಎಂದು ಮೊದಲು ಸಾಬೀತಾಗಬೇಕು ಎಂದಿತು ಅತ್ತಲಿಂದ ಯಂತ್ರದ ದನಿ. ಅದು ಓಹಾಯೋದ ಬೀದಿಗಳ ಹೆಸರು ಹೇಳಿ, ಇವುಗಳಲ್ಲಿ ಯಾವ ಬೀದಿಯಲ್ಲಿ ವಾಸವಿದ್ದಿರಿ ಎಂದು ಕೇಳಿತು.

"ಯಾವುದ್ರಲ್ಲೂ ಇಲ್ಲ," ಅಂದಳು.

ಉತ್ತರ ತಪ್ಪು, ನೀವು ವರ್ನೀಸ್ ಟಾಲಿವರ್ ಎಂಬುದು ನಮಗೆ ಖಾತ್ರಿಯಾಗಿಲ್ಲ ಎಂದು ಹೇಳಿ ಫೋನು ಕಡಿದುಹೋಯಿತು.

ಪಕ್ಕದಲ್ಲಿ ಜೋಳದ ರೊಟ್ಟಿ ಮುರಿಯುತ್ತಿದ್ದ ಎಲ್ವಿಯಾ ನಕ್ಕಳು. ಗ್ವಾಟೆಮಾಲಾದಿಂದ ಬಂದು ಅದೇ ಸಾಲಿನಲ್ಲಿ ರೆಕ್ಕೆ ಕತ್ತರಿಸುವವಳು. "ಕಳ್ಳಿ ನಾನೇ ಅಂತ ಒಪ್ಕೊಂಡ್ರೆ, ಕಳ್ಳಿ ಅಲ್ಲ ಅಂತ ಹೇಳೋಕೆ ಬಿಡ್ತಾರೆ ಕಣಕ್ಕ. ಎಂಥ ಹಲ್ಕಾ ನನ್ಮಕ್ಳು!"

ವರ್ನೀಸ್‌ಗೆ ನಗು ಬರಲಿಲ್ಲ. ಕಾರ್ಖಾನೆಯ ಹಿಂದೆ, ಕೊಳಚೆ ಹೊಂಡದ ಅಂಚಿನಲ್ಲಿ ನಿಲ್ಲಿಸಿದ್ದ ತಗಡಿನ ಗೂಡಿನಂಥ ಮನೆಯಲ್ಲಿ ಅವಳ ತಾಯಿ ಐಡಾ ಮಲಗಿದ್ದಳು. ಗೋಡೆಗೆಲ್ಲ ಕರೀ ಬೂಷ್ಟು. ಬ್ಲೀಚು ಹಾಕಿ ಒರೆಸಿದರೆ ವಾರ ಕಳೆಯುವುದರೊಳಗೆ ಮತ್ತೆ ಹಾಸಿಗೆಯ ತಲೆದೆಸೆವರೆಗೆ ಹಬ್ಬುತ್ತಿತ್ತು. ಇನ್ನೊಂದು ಚಳಿಗಾಲ ಇಲ್ಲಿ ಕಳೆದರೆ ಈ ಶ್ವಾಸಕೋಶ ತಡೆಯುವುದಿಲ್ಲ, ಒಣ ಮನೆ ನೋಡಿ ಎಂದು ಡಾಕ್ಟರು ಹೇಳಿದ್ದರು. ವರ್ನೀಸ್ ನೋಡಿದಳು. ಪಿಕರ್ಡ್ ಆದಮೇಲೆ ಇನ್ನೊಬ್ಬ, ಆಮೇಲೆ ಮತ್ತೊಬ್ಬಳು. ಎಲ್ಲರ ಕಂಪ್ಯೂಟರಿನಲ್ಲೂ ಅದೇ ಕಳ್ಳಿ ಬಂದು ಕೂರುತ್ತಿದ್ದಳು.

"ಎಲ್ಲೂ ಸಿಗ್ಲಿಲ್ವೇನೇ?" ಎಂದು ಐಡಾ ಕೇಳಿದಳು. ಬಟ್ಟಲಿಗೆ ಉಗಿದ ಕಫದಲ್ಲಿ ಕಪ್ಪು ಎಳೆಗಳಿದ್ದವು.

"ಸಿಗ್ತದೆ ಬಿಡವ್ವ."

"ನಿನ್ನ ಕಳ್ಳಿ ಅಂತಾರಂತಲ್ಲ, ಎಲ್ವಿಯಾ ಅಂದ್ಲು. ಉಂಗುರ ಕದ್ದಿದ್ರೆ ನಂಗೊಂದು ತಂದ್ಕೊಡೇ ಮುಂಡೇದೇ." ನಗಲು ಹೋಗಿ ಕೆಮ್ಮಿದಳು. ಆ ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ. ಚಳಿ ಇಳಿಯುವ ಮೊದಲೇ ಐಡಾ ಸತ್ತಳು.

ಆ ಬೇಸಿಗೆಯಲ್ಲಿ ಹೋಲ್ಕಂ ಎಂಬ ವಕೀಲ ಚರ್ಚಿನ ನೆಲಮಾಳಿಗೆಯಲ್ಲಿ ಸಭೆ ಕರೆದ. ಬದುಕಿರುವಾಗಲೇ ಅದೇ ಕಂಪನಿಯ ದಾಖಲೆಯಲ್ಲಿ ಸತ್ತವನಾಗಿದ್ದ ಲಾರಿ ಡ್ರೈವರ್ ಹೋರೇಸ್ ಬಂದಿದ್ದ. ಇಂಥ ಸಾವಿರಾರು ಜನರಿದ್ದಾರೆ, ಎಲ್ಲರೂ ಸೇರಿ ಕಂಪನಿಯ ಮೇಲೆ ಒಂದೇ ದಾವೆ ಹೂಡೋಣ ಎಂದ ಹೋಲ್ಕಂ. ವರ್ನೀಸ್ ಅಲ್ಲೇ ಸಹಿ ಹಾಕಿದಳು. ತಾಯಿಯನ್ನು ಮಣ್ಣು ಮಾಡಿದ ಮೇಲೆ ಅವಳು ಹೊಟ್ಟೆತುಂಬ ಉಂಡದ್ದು ಆವತ್ತೇ.

ವರ್ಷಗಳಾದ ಮೇಲೆ ಹೋಲ್ಕಂ ಕಂಪನಿಯ ಜೊತೆ ರಾಜಿ ಮಾಡಿಕೊಂಡನೆಂಬ ಸುದ್ದಿ ಬಂತು. ಕೋರ್ಟು ಅದಕ್ಕೆ ಒಪ್ಪಿಗೆ ಕೊಡುವ ದಿನ ವಿರೋಧವಿದ್ದವರು ಮಾತಾಡಬಹುದು. ಕಾರ್ಖಾನೆ ರಜೆ ಕೊಡಲಿಲ್ಲ. ಪಾಳಿ ಮುಗಿಸಿ, ರಕ್ತದ ನೀರು ಒಳಗಿಳಿದಿದ್ದ ರಬ್ಬರ್ ಬೂಟಿನಲ್ಲೇ ವರ್ನೀಸ್ ಬಸ್ಸು ಹತ್ತಿದಳು. ಎಲ್ವಿಯಾ, ಹೋರೇಸ್ ಜೊತೆಗಿದ್ದರು. ಕಂಪನಿಯ ಊರಿನಲ್ಲೇ ಕೋರ್ಟು. ಎದುರಿಗೇ ಕಂಪನಿಯ ಗಾಜಿನ ಕಟ್ಟಡ.

ಕೋರ್ಟಿನಲ್ಲಿ ಕಂಪನಿಯ ವಕೀಲ ಕರ್ಚೀಫು ತೆಗೆದು ಮೂಗಿಗೆ ಹಿಡಿದ. ಹಿಂದಿದ್ದವನ ಕಡೆ ಬಾಗಿ, "ಸ್ನಾನಕ್ಕೂ ಬಡತನವೇನಯ್ಯ ಇವರಿಗೆ?" ಎಂದ. ವರ್ನೀಸ್‌ಗೆ ಕೇಳಲೆಂದೇ ಅಂದದ್ದು.

ರಾಜಿ ಓದಿದರು. ಕಂಪನಿ ತಪ್ಪು ಒಪ್ಪಿಕೊಳ್ಳುವುದಿಲ್ಲ. ನೊಂದವರ ಹೆಸರಿಗೆ ಮತ್ತೆ ತಪ್ಪು ಅಂಟುತ್ತದೆಯೇ ಎಂದು ಒಂದು ವರ್ಷ ಪುಕ್ಕಟೆಯಾಗಿ ಕಣ್ಣಿಡಲಾಗುವುದು. ಕಣ್ಣಿಡುವವರು ಅದೇ ಕಂಪನಿಯವರು. ವಕೀಲರ ಶುಲ್ಕವನ್ನು ಬೇರೆಯಾಗಿ ಕೊಡಲಾಗುವುದು. ಹೋಲ್ಕಂ ಹೌದೌದೆಂದು ತಲೆಯಾಡಿಸುತ್ತಿದ್ದ.

ವರ್ನೀಸ್ ಎದ್ದುನಿಂತಳು.

"ನನ್ನ ಹೆಸರಿಗೆ ಹೇತೋರು ಇವರೇ ಸ್ವಾಮಿ. ಈಗ ಅದರ ಮೇಲೆ ನೊಣ ಕೂರ್ತದಾ ಅಂತ ವರ್ಷವೆಲ್ಲ ನೋಡ್ತಾ ಕೂರ್ತಾರಂತೆ. ನಂಗದು ಬೇಡ. ತೊಳೆದುಕೊಡಿ ಅನ್ನಿ. ನಮ್ಮವ್ವ ಬೂಷ್ಟು ಉಸಿರಾಡಿ ಸತ್ಲು."

"ನಿಮ್ಮ ನೋವು ಅರ್ಥವಾಗುತ್ತಮ್ಮ," ಎಂದರು ನ್ಯಾಯಾಧೀಶರು. ಆಕೆಯ ಆಕ್ಷೇಪಣೆಯನ್ನು ದಾಖಲಿಸಿಕೊಂಡು ರಾಜಿಗೆ ಒಪ್ಪಿಗೆ ಕೊಟ್ಟರು.

ಹೊರಗೆ ಮೆಟ್ಟಿಲ ಮೇಲೆ ಟೀವಿಯವರಿದ್ದರು. "ಬನ್ನಿ ವರ್ನೀಸ್, ಪಕ್ಕದಲ್ಲಿ ನಿಂತ್ಕೊಳ್ಳಿ. ಗೆದ್ದಿದೀವಿ," ಎಂದ ಹೋಲ್ಕಂ.

"ನೀನು ಗೆದ್ದೆ ಕಣಪ್ಪ. ಮುಟ್ಬೇಡ ನನ್ನ."

ಅವಳು ರಸ್ತೆ ದಾಟಿ ಸೀದಾ ಗಾಜಿನ ಕಟ್ಟಡದೊಳಕ್ಕೆ ನಡೆದಳು. ಕಾವಲುಗಾರ ಅವಳಷ್ಟೇ ಕಪ್ಪಗಿದ್ದ, ಅವಳಷ್ಟೇ ದಣಿದಿದ್ದ. ಹೆಸರು ಕೇಳಿ ಕಂಪ್ಯೂಟರಿನಲ್ಲಿ ಒತ್ತಿ ನೋಡಿದ. ಅವನ ಮುಖ ಬಿಗಿಯಿತು.

"ಅಕ್ಕ... ಒಳಗೆ ಬಿಡಬೇಡ ಅಂತ ಬರ್ತಿದೆ. ಕಳ್ಳತನ ಅಂತಿದೆ."

"ಇನ್ನೂ ಇದೆಯಾ?"

"ಇದೆ ಕಣಕ್ಕ. ಹೋಗ್ಬಿಡಿ, ನನ್ನ ಕೆಲಸ ಹೋಗ್ತದೆ."

"ಪೊಲೀಸರನ್ನ ಕರಿ. ನೀನು ಮಾಡೋ ಕೆಲಸ ನೀನು ಮಾಡು. ಅವರು ಬಂದು ಯಾರು ನೀನು ಅಂತ ಕೇಳ್ತಾರಲ್ಲ, ಆಗ ಮೇಲಿರೋ ಬೋಳಿಮಕ್ಕಳು ಇಳಿದು ಬಂದು ಹೇಳ್ಲಿ, ಇವಳು ಯಾರು ಅಂತ."

ಬಿಳಿ ಸೋಫಾದ ಮೇಲೆ ಕೂತಳು. ಬಾಗಿಲು ತಳ್ಳಿಕೊಂಡು ಎಲ್ವಿಯಾ ಬಂದು ಒತ್ತಿ ಕೂತಳು. ಹಿಂದೆಯೇ ಹೋರೇಸ್. "ನಾನು ಸತ್ತೋನು ಕಣಯ್ಯ, ನನ್ನ ಯಾವ ಕಾನೂನಿನ ಮೇಲೆ ಆಚೆಗಾಕ್ತೀಯ?" ಎಂದು ಕಾವಲುಗಾರನಿಗೆ ಹೇಳಿ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ.

ಲಿಫ್ಟಿನ ಬಾಗಿಲು ತೆರೆಯಿತು. ಸೂಟು ತೊಟ್ಟ ಇಬ್ಬರು ಒಂದು ಹೆಜ್ಜೆ ಮುಂದಿಟ್ಟು, ಅವರನ್ನು ಕಂಡು, ಮೂಗು ಮುಚ್ಚಿಕೊಂಡು ಮತ್ತೆ ಒಳಸರಿದು ಗುಂಡಿ ಒತ್ತಿದರು. ವರ್ನೀಸ್ ಬೂಟು ಕಳಚಿ ಗಾಜಿನ ಮೇಜಿನ ಮೇಲೆ ಬಗ್ಗಿಸಿದಳು. ಗುಲಾಬಿ ಬಣ್ಣದ ನೀರು ಹರಡುತ್ತಾ ಅಂಚಿಗೆ ಹೋಗಿ, ಕಾರ್ಪೆಟ್ಟಿನ ಮೇಲೆ ತೊಟ್ಟಿಕ್ಕತೊಡಗಿತು.